ತಮ್ಮ "ನಾನಿದ್ರೂ ಅಷ್ಟೇ ಹೋದ್ರೂ ಅಷ್ಟೇ" ಅಂತಿದಾನೆ, ಆಸ್ಪತ್ರೆಗೂ ಬರಲ್ಲ. ಮೈಸೂರು ಮಂಡ್ಯ ಕಡೆ ಈಗ ಯಾರಿಗೆ ಫೋನ್ ಮಾಡ್ಬೇಕು?

ಅಕ್ಕ_ಮೈಸೂರು
ರಾತ್ರಿ 9:50

ಎಲ್ರಿಗೂ ನಮಸ್ಕಾರ. ಮನೆ ವಿಷ್ಯ ಹೊರಗೆ ಹೇಳ್ಕೊಳ್ಳೋದು ನಮ್ಮಲ್ಲಿ ಯಾರಿಗೂ ಇಷ್ಟ ಇಲ್ಲ, ಅದಕ್ಕೆ ಬೇರೆ ಐಡಿ ಮಾಡ್ಕೊಂಡು ಬರೀತಿದೀನಿ. ನಾನಿರೋದು ಮೈಸೂರಲ್ಲಿ, ತವರು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಇಲ್ಲ, ಊರಲ್ಲಿ ಅಮ್ಮ ಮತ್ತೆ ನನ್ನ ತಮ್ಮ ಇಬ್ರೇ. ತಮ್ಮಂಗೆ 26. ಬೆಂಗಳೂರಲ್ಲಿ ಕೆಲ್ಸದಲ್ಲಿದ್ದ, ಕಂಪನಿಯವ್ರು ಒಂದಷ್ಟು ಜನನ ತೆಗೆದಾಗ ಇವನ ಕೆಲ್ಸನೂ ಹೋಯ್ತು. ಊರಿಗೆ ಬಂದ ಹೊಸದ್ರಲ್ಲಿ ಗದ್ದೆ ಕಡೆ ಹೋಗೋದು, ಹಸು ನೋಡ್ಕೊಳ್ಳೋದು ಎಲ್ಲ ಮಾಡ್ತಿದ್ದ, ಯುಗಾದಿ ಆದ್ಮೇಲಿಂದ ರೂಮ್ ಬಿಟ್ಟು ಈಚೆಗೇ ಬರ್ತಿಲ್ಲ. ಅಮ್ಮ ಊಟಕ್ಕೆ ಕರೆದ್ರೆ ಬಂದು ಕೂತ್ಕೋತಾನಂತೆ, ಮುದ್ದೆ ಮುರೀತಾನೆ, ಸಾರಲ್ಲಿ ಅದ್ದಿ ಹಾಗೇ ತಟ್ಟೇಲಿ ಬಿಟ್ಟು ಎದ್ದು ಹೋಗ್ತಾನೆ. ರಾತ್ರಿ ಎಲ್ಲ ಲೈಟ್ ಉರೀತಿರುತ್ತೆ. ಫೋನ್ ರಿಂಗ್ ಆದ್ರೆ ಬೆಚ್ಚಿ ಬೀಳ್ತಾನೆ, ಯಾರದ್ದು ಅಂದ್ರೆ ಹೇಳಲ್ಲ.

ನಂಗೆ ಭಯ ಆಗಿರೋದು ಬೇರೆ ವಿಷ್ಯಕ್ಕೆ. ಹೋದ ವಾರ ಬೈಕ್ ಕೀ ಅವನ ಫ್ರೆಂಡಿಗೆ ಕೊಟ್ಟು "ನೀನೇ ಇಟ್ಕೋ ಮಗಾ, ನಂಗೇನೂ ಬೇಡ" ಅಂದಿದಾನೆ, ಆ ಹುಡುಗನೇ ನಂಗೆ ಫೋನ್ ಮಾಡಿ ಹೇಳಿದ್ದು. ಇವತ್ತು ಸಂಜೆ ವಾಟ್ಸಪ್ಪಲ್ಲಿ ಅವನ ಎಲ್‌ಐಸಿ ಬಾಂಡಿಂದು, ಬ್ಯಾಂಕ್ ಪಾಸ್‌ಬುಕ್ಕಿಂದು ಫೋಟೋ ಕಳ್ಸಿದ. ಇದ್ಯಾಕೋ ಅಂತ ಕೇಳಿದ್ರೆ "ಸುಮ್ನೆ ಇರ್ಲಿ, ಅಮ್ಮಂಗೆ ಬೇಕಾಗುತ್ತೆ" ಅಂದ. ಆಮೇಲೆ ಫೋನಲ್ಲಿ "ನಾನಿದ್ರೂ ಅಷ್ಟೇ ಹೋದ್ರೂ ಅಷ್ಟೇ ಅಕ್ಕ" ಅಂದ. ಕೈಕಾಲು ತಣ್ಣಗಾಗೋಯ್ತು ನಂಗೆ.

ಡಾಕ್ಟ್ರತ್ರ ಹೋಗೋಣ ಅಂದ್ರೆ "ನಾನೇನು ಹುಚ್ಚನಾ" ಅಂತ ರೇಗ್ತಾನೆ. ಅಮ್ಮ ಗಾಳಿ ಸೋಕಿದೆ, ಯಂತ್ರ ಕಟ್ಟಿಸ್ಬೇಕು ಅಂತಿದಾರೆ. ನಮ್ಮ ಯಜಮಾನ್ರು ಸುಮ್ನೆ ದೊಡ್ಡದು ಮಾಡ್ಬೇಡ, ಪೊಲೀಸು ಕೇಸು ಅಂತಾದ್ರೆ ಅವನ ಮದುವೆಗೂ ತೊಂದ್ರೆ ಅಂತಾರೆ. ಈ ಹೊತ್ನಲ್ಲಿ ಯಾರಿಗೆ ಫೋನ್ ಮಾಡೋದು? ಅವನೇ ಮಾತಾಡ್ಬೇಕಾ, ನಾನು ಮಾತಾಡಿದ್ರೆ ಆಗುತ್ತಾ? ನಿಮ್ಮ ಮನೇಲಿ ಯಾರಿಗಾದ್ರೂ ಹೀಗಾಗಿದ್ರೆ ದಯವಿಟ್ಟು ಹೇಳಿ.


ನೈಟ್_ಡ್ಯೂಟಿ
ರಾತ್ರಿ 10:05

ಅಕ್ಕ, ನಾನು ಮೈಸೂರಲ್ಲಿ ಮಾನಸಿಕ ರೋಗಗಳ ವಾರ್ಡಲ್ಲಿ ನರ್ಸು. ಪೂರ್ತಿ ಓದೋಕ್ ಮುಂಚೆ ಒಂದು ಕೆಲ್ಸ ಮಾಡಿ. 14416ಕ್ಕೆ ನೀವೇ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, 24 ಗಂಟೆನೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಆ ನಂಬರ್ ಸಿಗ್ಲಿಲ್ಲ ಅಂದ್ರೆ 1800 891 4416. ಪೇಷೆಂಟೇ ಮಾತಾಡ್ಬೇಕು ಅಂತೇನಿಲ್ಲ, ಮನೆಯವ್ರು ಮಾಡಬಹುದು, ದಿನಾ ಮಾಡ್ತಾರೆ. 2022ರ ಅಕ್ಟೋಬರ್ 10ರಿಂದ ನಡೀತಿದೆ, ಇಡೀ ದೇಶಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸೇ ಇದನ್ನ ನೋಡ್ಕೊಳ್ಳೋದು. ಮೊದ್ಲು ಕೌನ್ಸೆಲರ್ ಎತ್ತುತ್ತಾರೆ, ಬೇಕು ಅನ್ಸಿದ್ರೆ ಮನೋವೈದ್ಯರಿಗೆ ಕನೆಕ್ಟ್ ಮಾಡ್ತಾರೆ, ನಿಮ್ಮ ಜಿಲ್ಲೆಯಲ್ಲಿ ಎಲ್ಲಿ ತೋರಿಸ್ಬೇಕು ಅನ್ನೋದನ್ನೂ ಹೇಳ್ತಾರೆ.

ಈಗ ನೀವು ಬರೆದಿರೋದ್ರ ಬಗ್ಗೆ. ಬೈಕ್ ಕೊಟ್ಟಿರೋದು, ಬಾಂಡ್ ಫೋಟೋ ಕಳ್ಸಿರೋದು, ಈ ಮಾತು, ಮೂರೂ ಸೇರಿದಾಗ ನಾವು ವಾರ್ಡಲ್ಲಿ ಇದನ್ನ ಎಮರ್ಜೆನ್ಸಿ ಅಂತಲೇ ತಗೋತೀವಿ. ದೊಡ್ಡದು ಮಾಡ್ಬೇಡ ಅಂದ ನಿಮ್ಮ ಯಜಮಾನ್ರಿಗೂ ಇದನ್ನ ತೋರ್ಸಿ. ಇದು ಆಗ್ಲೇ ದೊಡ್ಡದೇ.

ಇವತ್ತು ರಾತ್ರಿ ಅವನು ಒಬ್ಬನೇ ಮಲಗಬಾರ್ದು. ಊರಲ್ಲಿ ಚಿಕ್ಕಪ್ಪ, ಮಾವ, ಅವನಿಗೆ ಸಲಿಗೆ ಇರೋ ಅಣ್ಣತಮ್ಮಂದಿರು ಯಾರಿದಾರೋ ಈಗ್ಲೇ ಫೋನ್ ಮಾಡಿ ಮನೆಗೆ ಹೋಗಿ ಮಲಗೋಕೆ ಹೇಳಿ. ಕಾವಲು ಕಾಯೋ ಥರ ಬೇಡ, ಅದೇ ರೂಮಲ್ಲಿ ಚಾಪೆ ಹಾಕ್ಕೊಂಡು ಮಲಗಿದ್ರೆ ಸಾಕು. ರೂಮಿಗೆ ಒಳಗಿಂದ ಚಿಲಕ ಹಾಕೋದು ಬೇಡ ಅಂತ ಮಾತಾಡ್ಕೊಳ್ಳಿ. ಬೆಳೆಗೆ ಹೊಡೆಯೋ ಔಷಧಿ ಮನೇಲೋ ಪಂಪ್‌ಸೆಟ್ ಮನೇಲೋ ಇದ್ರೆ, ಅಮ್ಮನ ಬಿಪಿ ಮಾತ್ರೆ, ನಿದ್ದೆ ಮಾತ್ರೆ ಇದ್ರೆ, ಎಲ್ಲ ಇವತ್ತೇ ಬೇರೆಯವ್ರ ಮನೆಗೆ ಸಾಗಿಸ್ಬಿಡಿ. ಬೀರುಲಿಟ್ಟು ಬೀಗ ಹಾಕಿದ್ರೆ ಸಾಲ್ದು, ಬೀಗದ ಕೀ ಎಲ್ಲಿರುತ್ತೆ ಅಂತ ಮನೆಮಗನಿಗೆ ಗೊತ್ತಿರುತ್ತೆ. ಎಷ್ಟೋ ಸಲ ಆ ಕೆಟ್ಟ ಗಳಿಗೆ ತುಂಬಾ ಹೊತ್ತು ಇರಲ್ಲ, ಆ ಹೊತ್ನಲ್ಲಿ ಕೈಗೆ ಏನೂ ಸಿಗ್ಲಿಲ್ಲ ಅಂದ್ರೆ ಜೀವ ಉಳಿಯುತ್ತೆ. ಇಷ್ಟು ವರ್ಷದ ಕೆಲ್ಸದಲ್ಲಿ ನಾನು ಗಟ್ಟಿಯಾಗಿ ನಂಬಿರೋ ಮಾತು ಇದು. ಎಣ್ಣೆ ಹಾಕೋ ಅಭ್ಯಾಸ ಇದ್ರೆ ಅದನ್ನೂ ಹತ್ರ ಬಿಡ್ಬೇಡಿ, ಕುಡಿದಾಗ ತಡೆಯೋ ಬುದ್ಧಿ ಇರಲ್ಲ.

ಆಮೇಲೆ ನೇರವಾಗಿ ಕೇಳಿ. "ಸಾಯ್ಬೇಕು ಅನ್ನೋ ಯೋಚ್ನೆ ಬರ್ತಿದ್ಯೇನೋ?" ಅಂತ. ಹೌದು ಅಂದ್ರೆ "ಹೇಗೆ ಅಂತ ಏನಾದ್ರೂ ಅಂದ್ಕೊಂಡಿದ್ಯಾ?" ಅಂತ. ಕೇಳಿದ್ರೆ ಇಲ್ಲದ ಯೋಚ್ನೆ ತಲೆಗೆ ಹಾಕಿದಂಗೆ ಆಗುತ್ತೆ ಅಂತ ಎಲ್ರೂ ಹೆದರ್ತಾರೆ. ಹಾಗೇನೂ ಆಗಲ್ಲ, ಯಾರೋ ಒಬ್ರು ಕೇಳಿದ್ರಲ್ಲ ಅಂತ ಹಗುರ ಆಗೋದೇ ಜಾಸ್ತಿ. ಕೇಳಿದ್ಮೇಲೆ ಸುಮ್ನಿದ್ದು ಕೇಳಿಸ್ಕೊಳ್ಳಿ. "ನಿಂಗೇನು ಕಮ್ಮಿ ಮಾಡಿದೀವಿ", "ಅಮ್ಮನ ಮುಖ ನೋಡು" ಇವೆಲ್ಲ ಬೇಡ, ಅವನಿಗೆ ಆಗ್ಲೇ ತಪ್ಪಿತಸ್ಥ ಅನ್ಸಿರುತ್ತೆ, ಇದು ಇನ್ನೊಂದು ಕಲ್ಲು ಹೊರ್ಸಿದಂಗೆ. ಯಾರಿಗೂ ಹೇಳ್ಬೇಡ ಅಂತ ಆಣೆ ಕೇಳಿದ್ರೆ ಕೊಡ್ಬೇಡಿ. "ನಿನ್ನ ಜೀವದ ವಿಷ್ಯ, ಹೇಳ್ದೆ ಇರಕ್ಕಾಗಲ್ಲ ಕಣೋ, ಆದ್ರೆ ನಿನ್ನ ಜೊತೇಲಿ ಇರ್ತೀನಿ" ಅನ್ನಿ.

ಅಕಸ್ಮಾತ್ ಏನಾದ್ರೂ ಕುಡಿದಿದಾನೆ, ಮಾತ್ರೆ ನುಂಗಿದಾನೆ ಅಂತ ಅನುಮಾನ ಬಂದ್ರೂ ಸಾಕು, 108 ಅಥವಾ 112. ಉಪ್ಪುನೀರು ಕುಡಿಸೋದು, ವಾಂತಿ ಮಾಡಿಸೋದು ಮಾಡ್ಬೇಡಿ. ಬಾಟಲಿನೋ ಮಾತ್ರೆ ಸ್ಟ್ರಿಪ್ಪೋ ಸಿಕ್ಕಿದ್ದನ್ನ ಜೊತೆಗೆ ತಗೊಂಡು ಆಸ್ಪತ್ರೆಗೆ ಓಡಿ. ನೋಡಕ್ಕೆ ಚೆನ್ನಾಗೇ ಇದಾನೆ, ಮಾತಾಡ್ತಿದಾನೆ ಅಂತ ಕಾಯ್ಲೇಬೇಡಿ, ಕೆಲವು ಔಷಧಿ ನಿಧಾನವಾಗಿ ಹತ್ತುತ್ತೆ.

ಮದ್ದೂರಿಂದ ಹತ್ರ ಅಂದ್ರೆ ಮಂಡ್ಯ ಮಿಮ್ಸು, ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ, ಸುಮಾರು 20 ಕಿಲೋಮೀಟರ್. ಎಮರ್ಜೆನ್ಸಿ ರಾತ್ರಿನೂ ಇರುತ್ತೆ, ಮಾನಸಿಕ ವಿಭಾಗನೂ ಇದೆ. ಮೈಸೂರಿಗೆ ಕರ್ಕೊಂಡ್ ಬರ್ತೀರಾ ಅಂದ್ರೆ ಕೆ.ಆರ್. ಆಸ್ಪತ್ರೆ, ನಮ್ಮ ದೊಡ್ಡಾಸ್ಪತ್ರೆ. ಜೆಎಸ್ಎಸ್ ಆಸ್ಪತ್ರೆಲೂ ವಿಭಾಗ ಇದೆ. ನಿಮ್ಹಾನ್ಸೇ ಆಗ್ಬೇಕು ಅಂತ ಬೆಂಗಳೂರಿಗೆ ಹೋಗೋ ದಿನಕ್ಕೆ ಕಾಯ್ತಾ ಕೂರ್ಬೇಡಿ. ಅಲ್ಲೂ 24 ಗಂಟೆ ಎಮರ್ಜೆನ್ಸಿ ಇದೆ ನಿಜ, ಆದ್ರೆ ಈಗ ಬೇಕಾಗಿರೋದು ಹತ್ತಿರದ ಬಾಗಿಲು.

ಮೊದ್ಲು ಫೋನ್ ಮಾಡಿ ಅಕ್ಕ. ಆಮೇಲೆ ಇಲ್ಲಿ ಬಂದು ಬರೀರಿ.


ಮರಳಿ_ಬಂದವ
ರಾತ್ರಿ 10:31

ನರ್ಸ್ ಮೇಡಂ ಎಲ್ಲ ಹೇಳಿದಾರೆ. ನಾನು ನಿಮ್ಮ ತಮ್ಮನ ಜಾಗದಲ್ಲಿ ಇದ್ದು ಬಂದೋನು, ಒಳಗೆ ಹೇಗಿರುತ್ತೆ ಅಂತ ಹೇಳ್ತೀನಿ, ನಿಮಗೆ ಮಾತಾಡಕ್ಕೆ ಅನುಕೂಲ ಆಗ್ಬಹುದು.

ಆ ಟೈಮಲ್ಲಿ ನಂಗೆ ಸಾಯ್ಬೇಕು ಅನ್ನೋದಕ್ಕಿಂತ ಈ ನೋವು ನಿಂತ್ರೆ ಸಾಕು ಅಂತಿತ್ತು. ಮನೆಯವ್ರನ್ನ ಪ್ರೀತಿಸ್ತಿರ್ಲಿಲ್ಲ ಅಂತಲ್ಲ, ನಾನಿಲ್ದೆ ಇದ್ರೆ ಇವ್ರೆಲ್ಲ ಆರಾಮಾಗಿರ್ತಾರೆ ಅಂತ ನಿಜವಾಗ್ಲೂ ನಂಬಿದ್ದೆ, ಲೆಕ್ಕ ಹಾಕಿದಂಗೆ ನಂಬಿದ್ದೆ, ಅದು ಕಾಯಿಲೆ ಹೇಳಿಸ್ತಿರೋ ಮಾತು ಅಂತ ಆಗ ಗೊತ್ತಾಗ್ತಿರ್ಲಿಲ್ಲ. ಧೈರ್ಯವಾಗಿರು, ಯೋಗ ಮಾಡು, ವಾಕಿಂಗ್ ಹೋಗು ಅಂದೋರು ಬಹಳ ಜನ, ತಪ್ಪು ಹೇಳ್ತಿಲ್ಲ ಅವ್ರು, ಆದ್ರೆ ಹಾಸಿಗೆಯಿಂದ ಎದ್ದು ಹಲ್ಲುಜ್ಜೋದೇ ಬೆಟ್ಟ ಹತ್ತಿದಂಗೆ ಆಗಿರೋನಿಗೆ ವಾಕಿಂಗ್ ಎಲ್ಲಿಂದ ಬರ್ಬೇಕು. ನಮ್ಮತ್ತಿಗೆ ಒಂದಿನ ಕಾಫಿ ತಂದು ಪಕ್ಕ ಕೂತು "ಸಾಯೋ ಯೋಚ್ನೆ ಇದ್ಯಾ, ಇದ್ರೆ ನಂಗೊಬ್ಳಿಗೆ ಹೇಳು, ಬಯ್ಯಲ್ಲ" ಅಂದ್ರು. ನಂಗೆ ಅಳು ಬಂತು, ಅಳು ಬಂದ್ಮೇಲೆ ಮಾತು ಬಂತು.

ಆಸ್ಪತ್ರೆಗೆ ಒಪ್ಪಿದ್ದು ಹೇಗೆ ಅಂದ್ರೆ ಅತ್ತಿಗೆ "ಹುಚ್ಚು" ಗಿಚ್ಚು ಅಂತ ಒಂದಕ್ಷರ ಎತ್ತಲಿಲ್ಲ. "ನಿದ್ದೆ ಬರ್ತಿಲ್ಲ ಅಲ್ವಾ, ಊಟ ಸೇರ್ತಿಲ್ಲ ಅಲ್ವಾ, ಅದಕ್ಕೆ ಮಾತ್ರೆ ಇದೆ, ಒಂದ್ಸಲ ಬಂದು ನೋಡು, ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಬರೋಣ" ಅಂದ್ರು. ನಿದ್ದೆ ಅನ್ನೋದು ಸುಳ್ಳಲ್ವಲ್ಲ, ನಿಜವಾಗ್ಲೂ ಇರ್ಲಿಲ್ಲ. ಮದುವೆಗೆ ಹೋಗೋಣ ಬಾ ಅಂತ ಹೇಳಿ ಕಾರಲ್ಲಿ ಕೂರ್ಸ್ಕೊಂಡು ಆಸ್ಪತ್ರೆ ಮುಂದೆ ಇಳಿಸೋದು ಮಾತ್ರ ಮಾಡ್ಬೇಡಿ, ಆಮೇಲೆ ಅವನು ಯಾರನ್ನೂ ನಂಬಲ್ಲ.

ಇನ್ನೊಂದು ಮಾತು, ಇದನ್ನ ನಂಗೆ ಯಾರಾದ್ರೂ ಮೊದ್ಲೇ ಹೇಳಿದ್ರೆ ಚೆನ್ನಾಗಿತ್ತು. ಡಿಪ್ರೆಶನ್ ಮಾತ್ರೆ ನುಂಗಿದ ಮಾರನೇ ದಿನ ಕೆಲ್ಸ ಮಾಡಲ್ಲ, ಮನಸ್ಸು ಎತ್ತೋಕೆ ಎರಡರಿಂದ ನಾಲ್ಕು ವಾರ ಆದ್ರೂ ಬೇಕು, ನಿದ್ದೆ ಊಟ ಸ್ವಲ್ಪ ಬೇಗ ಸರಿಹೋಗುತ್ತೆ. ಶುರುವಿನ ದಿನಗಳಲ್ಲಿ ಕೆಲವ್ರಿಗೆ, ಅದ್ರಲ್ಲೂ ಚಿಕ್ಕ ವಯಸ್ಸಿನವ್ರಿಗೆ ಚಡಪಡಿಕೆ, ಕೆಟ್ಟ ಯೋಚ್ನೆ ಜಾಸ್ತಿ ಆಗೋದೂ ಉಂಟು, ಹಾಗಾದ್ರೆ ಮಾತ್ರೆ ಬಿಸಾಕ್ಬೇಡಿ, ಡಾಕ್ಟ್ರಿಗೆ ಅವತ್ತೇ ಹೇಳಿ. ಮಾತ್ರೆ ಸ್ಟ್ರಿಪ್ ಪೂರ್ತಿ ಅವನ ಕೈಗೆ ಕೊಡ್ಬೇಡಿ. ನಮ್ಮತ್ತಿಗೆ ದಿನಾ ರಾತ್ರಿ ಊಟ ಆದ್ಮೇಲೆ ಒಂದು ಮಾತ್ರೆ ಕತ್ತರಿಸಿ ತಂದು ನೀರು ಲೋಟದ ಜೊತೆ ಕೊಡೋರು, ಮಿಕ್ಕಿದ್ದು ಅವ್ರ ಹ್ಯಾಂಡ್‌ಬ್ಯಾಗಲ್ಲಿ ಇರೋದು, ಆಫೀಸಿಗೆ ಹೋದ್ರೂ ಜೊತೇಲೇ ಹೋಗೋದು. ಚೆನ್ನಾಗಾಯ್ತು ಅಂತ ಮಧ್ಯದಲ್ಲಿ ದಿಢೀರಂತ ನಿಲ್ಲಿಸೋದೂ ಬೇಡ.

ನಾನೀಗ ಕೆಲ್ಸಕ್ಕೆ ಹೋಗ್ತಿದೀನಿ, ಮದುವೆನೂ ಆಗಿದೆ, ಹುಡುಗಿಗೆ ಎಲ್ಲ ಹೇಳೇ ಆಗಿದ್ದು. ನಿಮ್ಮ ಯಜಮಾನ್ರಿಗೆ ಹೇಳಿ.


ಸಕ್ಕರೆನಾಡಿನವ
ರಾತ್ರಿ 10:48

ತಾಯಿ, ನಾನು ಮಂಡ್ಯ ಸೀಮೆಯೋನೆ, ವಯಸ್ಸಾದೋನು. 2015ರಲ್ಲಿ ನಮ್ಮ ಜಿಲ್ಲೇಲಿ ಕಬ್ಬು ಬೆಳೆದೋರು ಒಬ್ರಾದ್ಮೇಲೆ ಒಬ್ರು ಹೋಗಿದ್ದು ಕಣ್ಣಾರೆ ಕಂಡಿವ್ನಿ. ಆಗ ಊರೂರಲ್ಲೂ ಎಲ್ರೂ ಸಾವಾದ್ಮೇಲೆ ಹೋಗಿ ಕೂತ್ಕಂಡು ಅತ್ತರು. ನೀನು ಮುಂಚೆನೇ ಕೇಳ್ತಾ ಇದೀಯಲ್ಲ, ಅದೇ ದೊಡ್ಡದು ಕಣವ್ವ.

ನಿಮ್ಮವ್ವಂಗೆ ಗಾಳಿ ಗೀಳಿ ಇಲ್ಲ ಅಂತ ವಾದ ಮಾಡಕ್ ಹೋಗ್ಬೇಡ. ಹೆತ್ತ ಕರುಳು, ಏನಾರ ಮಾಡ್ಬೇಕು ಅಂತ ಒದ್ದಾಡ್ತಾ ಐತೆ. ದೇವ್ರಿಗೆ ಕೈ ಮುಗಿಯವ್ವ, ಹರಕೆ ಕಟ್ಕೊ, ನಂಜನಗೂಡಿಗೆ ಹೋಗೋದಾದ್ರೆ ಹೋಗ್ಬುಟ್ಟು ಬಾ, ಆದ್ರೆ ನಾಳೆ ಮೊದ್ಲು ಡಾಕುಟ್ರು, ಆಮೇಲೆ ದೇವ್ರು, ನಂಜುಂಡಪ್ಪನೇ ವೈದ್ಯ ಅಲ್ವಾ ಅವ್ನೂ ಬೇಡ ಅನ್ನಕ್ಕಿಲ್ಲ ಅಂತ ಹೇಳು. ನಮ್ಮೂರಲ್ಲಿ ಎಷ್ಟೋ ಮನೇಲಿ ಹಿಂಗೆ ಹೇಳೇ ಒಪ್ಸಿದ್ದು. ಮೈಮೇಲೆ ದೇವ್ರು ಬರೋರತ್ರ ಕರ್ಕೊಂಡೋಗಿ ಹೊಡೆಸೋದು, ಹೊಗೆ ಹಾಕ್ಸೋದು, ಉಪವಾಸ ಕೆಡವೋದು ಮಾತ್ರ ಬ್ಯಾಡ. ಮೊದ್ಲೇ ನೊಂದಿರೋ ಹುಡುಗ.

ಔಸ್ದಿ ಸಾಗ್ಸೋ ಮಾತು ನರ್ಸಮ್ಮ ಹೇಳವ್ರೆ, ಅದನ್ನ ಚಿಕ್ಕಪ್ಪನ ಕೈಲಿ ಇವತ್ತೇ ಮಾಡ್ಸು. ಹಟ್ಟಿ ಅಟ್ಟ, ಕೊಟ್ಟಿಗೆ ಮೂಲೆ, ಪಂಪ್‌ಸೆಟ್ ಮನೆ, ಮೂರು ಕಡೆನೂ ನೋಡ್ಲಿ. ಹಳೇ ಡಬ್ಬದ ತಳದಲ್ಲಿ ಒಂದಿಷ್ಟು ಉಳಿದಿರ್ತದೆ, ಅದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ.

ಊರಲ್ಲಿ ಆಶಾ ಕಾರ್ಯಕರ್ತೆ ಇರ್ತಾರೆ, ಅವ್ರಿಗೆ ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕುಟ್ರು ಯಾವತ್ತು ಬತ್ತಾರೆ ಅಂತ ಗೊತ್ತಿರ್ತದೆ. ಮನೋಚೈತನ್ಯ ಅಂತ ಮಂಗಳವಾರ ಬರೋ ಏರ್ಪಾಡು ಐತೆ. ಮುಂದೆ ತಿಂಗಳು ತಿಂಗಳು ತೋರ್ಸಕ್ಕೆ ಅದು ಸಲೀಸು, ಬಸ್ ಚಾರ್ಜ್ ಉಳೀತದೆ, ಇವತ್ತಿನ ಕಥೆಗೆ ಮಾತ್ರ ಮಂಗಳವಾರದವರ್ಗೂ ಕಾಯೋದಲ್ಲ.

ಫೋನ್ ಬಂದ್ರೆ ಬೆಚ್ಚಿ ಬೀಳ್ತಾನೆ ಅಂದ್ಯಲ್ಲ, ಸಾಲ ಏನಾರ ಐತಾ ವಿಚಾರ್ಸು. ಗಂಡುಮಕ್ಕಳು ಅನ್ನ ಬಿಟ್ರೆ ನಾನು ಮೊದ್ಲು ಕೇಳೋದು ಅದೇ.


ಅಕ್ಕ_ಮೈಸೂರು
ರಾತ್ರಿ 12:20

ಎಲ್ರಿಗೂ ಕೈ ಮುಗಿದೆ. 14416ಕ್ಕೆ ಮಾಡ್ದೆ. ಮೊದ್ಲು ರೆಕಾರ್ಡಿಂಗ್ ಬಂತು, ಕನ್ನಡ ಆರ್ಸ್ಕೊಂಡೆ, ಆಮೇಲೆ ಒಬ್ರು ಹೆಣ್ಣುಮಗಳು ಮಾತಾಡಿದ್ರು, ಒಂಚೂರೂ ಅರ್ಜೆಂಟ್ ಮಾಡ್ಲಿಲ್ಲ. ನರ್ಸ್ ಮೇಡಂ ಹೇಳಿದ್ದೇ ಹೆಚ್ಚುಕಮ್ಮಿ ಅವ್ರೂ ಹೇಳಿದ್ದು, ನಾಳೆನೇ ಮಿಮ್ಸಿಗೆ ಕರ್ಕೊಂಡ್ ಹೋಗಿ ಅಂದ್ರು, ರಾತ್ರಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕಾಯದೆ ಎಮರ್ಜೆನ್ಸಿಗೆ ಹೋಗಿ ಅಂದ್ರು. ಅವನು ಯಾವಾಗ ಬೇಕಾದ್ರೂ ಮಾತಾಡಬಹುದಂತೆ.

ಚಿಕ್ಕಪ್ಪ ಹೋಗಿ ಅಲ್ಲೇ ಮಲಗಿದಾರೆ. ಔಷಧಿ ಡಬ್ಬ ಎಲ್ಲ ಅವ್ರ ಮನೆಗೆ ಹೋಯ್ತು, ಪಂಪ್‌ಸೆಟ್ ಮನೇಲಿ ಸಕ್ಕರೆನಾಡಿನ ಅಣ್ಣ ಹೇಳಿದಂಗೆ ಹಳೇದು ಎರಡು ಸಿಕ್ತಂತೆ.

ಆಮೇಲೆ ವಿಡಿಯೋ ಕಾಲ್ ಮಾಡಿ ನೇರವಾಗಿ ಕೇಳ್ದೆ. ತುಂಬಾ ಹೊತ್ತು ಸುಮ್ನಿದ್ದ. ಆಮೇಲೆ "ಹೂಂ" ಅಂದ. ಬಯ್ಯಲ್ಲ ಕಣೋ ಹೇಳು ಅಂದೆ, ಅತ್ತ. ಸಾಲನೇ. ಕೆಲ್ಸ ಹೋದ್ಮೇಲೆ ಫೋನಲ್ಲಿ ಸಿಗೋ ಲೋನ್ ಆಪ್‌ಗಳಲ್ಲಿ ತಗೊಂಡಿದಾನೆ, ಒಂದು ತೀರ್ಸೋಕೆ ಇನ್ನೊಂದು, ಹೀಗೇ. ಈಗ ಅವ್ರು ಅವನ ಫೋಟೋ ಎಡಿಟ್ ಮಾಡಿ ಕಾಂಟ್ಯಾಕ್ಟಲ್ಲಿರೋರಿಗೆಲ್ಲ ಕಳಿಸ್ತೀವಿ ಅಂತ ಹೆದರ್ಸ್ತಿದಾರಂತೆ. "ಊರಲ್ಲಿ ಹೇಗೆ ತಲೆ ಎತ್ಕೊಂಡು ಓಡಾಡ್ಲಿ" ಅಂತಾನೆ. ನಾಳೆ ಬರ್ತೀನಿ ಅಂತ ಒಪ್ಪಿದಾನೆ, ನಿದ್ದೆ ಮಾತ್ರೆಗೆ ಅಂತ. ನಾನು ಮೊದಲ ಬಸ್ಸಿಗೆ ಹೊರಡ್ತೀನಿ.

ಎರಡು ಭಯ ಇನ್ನೂ ಇದೆ. ಡಾಕ್ಟ್ರ ಮುಂದೆ ಅವನು ಸಾಯೋ ವಿಷ್ಯ ಹೇಳಿದ್ರೆ ಅವ್ರು ಪೊಲೀಸಿಗೆ ಹೇಳ್ತಾರಾ? ಈ ಆಪ್‌ನವ್ರ ಕಾಟಕ್ಕೆ ಏನು ಮಾಡೋದು?


ಕೋರ್ಟ್_ರೋಡ್
ರಾತ್ರಿ 12:41

ವಕೀಲ ನಾನು, ಮಂಡ್ಯದಲ್ಲಿ ಪ್ರಾಕ್ಟೀಸು. ಒಂದೊಂದಾಗಿ ಹೇಳ್ತೀನಿ ಮೇಡಂ.

ಸಾಯೋ ಯೋಚ್ನೆ ಬರೋದು, ಅದನ್ನ ಡಾಕ್ಟರ್ ಹತ್ರ ಹೇಳೋದು ಯಾವತ್ತೂ ಅಪರಾಧ ಆಗಿರ್ಲಿಲ್ಲ. ಪ್ರಯತ್ನ ಪಟ್ಟೋರ ಮೇಲೆ ಹಾಕ್ತಿದ್ದ ಐಪಿಸಿ 309 ಇತ್ತು, ಅದರ ಭಯ ಜನಕ್ಕೆ ಇನ್ನೂ ಹೋಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 115ನೇ ಕಲಂ ಏನು ಹೇಳುತ್ತೆ ಅಂದ್ರೆ, ಆತ್ಮಹತ್ಯೆಗೆ ಪ್ರಯತ್ನ ಪಟ್ಟೋರು ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸ್ಬೇಕು, ಅವ್ರನ್ನ ವಿಚಾರಣೆ ಮಾಡಿ ಶಿಕ್ಷೆ ಕೊಡೋ ಹಾಗಿಲ್ಲ, ಚಿಕಿತ್ಸೆ ಕೊಡೋದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ 309 ಇಲ್ವೇ ಇಲ್ಲ. ನಿಜವಾಗ್ಲೂ ಪ್ರಯತ್ನ ಆಗಿ ಆಸ್ಪತ್ರೆಗೆ ತಂದಾಗ ಎಂಎಲ್‌ಸಿ, ಅಂದ್ರೆ ಪೊಲೀಸಿಗೆ ತಿಳಿಸೋ ವೈದ್ಯಕೀಯ ಪ್ರಕರಣ, ಅಂತ ಬರ್ಕೋತಾರೆ, ಪೊಲೀಸ್ನೋರು ಬಂದು ಹೇಳಿಕೆ ತಗೋಬಹುದು, ಅದನ್ನ ನೋಡಿ ಜನ ಕೇಸಾಯ್ತು ಅಂದ್ಕೋತಾರೆ. ಎಂಎಲ್‌ಸಿ ಭಯಕ್ಕೆ ಆಸ್ಪತ್ರೆಗೆ ತಡ ಮಾಡಿದ ಮನೆಗಳನ್ನ ನೋಡಿದೀನಿ, ದಯವಿಟ್ಟು ಯಾರೂ ಹಾಗೆ ಮಾಡ್ಬೇಡಿ. ನಿಮ್ಮ ತಮ್ಮನ ವಿಷ್ಯದಲ್ಲಿ ಅದೂ ಇಲ್ಲ, ಬರೀ ಓಪಿಡಿ. ಅವನ ಕಾಯಿಲೆ ವಿವರ ಗುಟ್ಟಾಗಿ ಇಡೋದು ಡಾಕ್ಟರ್ ಮೇಲಿರೋ ಕಾನೂನಿನ ಹೊಣೆ, ಅದೇ ಕಾಯ್ದೆ 23ನೇ ಕಲಂ. ಅವನ ಜೀವಕ್ಕೆ ಅಪಾಯ ಅನ್ಸಿದಾಗ ನೋಡ್ಕೊಳ್ಳೋ ಮನೆಯವ್ರಿಗೆ ಹೇಳಬಹುದು, ಕೋರ್ಟ್ ಆದೇಶದಂಥ ಕೆಲವು ಸಂದರ್ಭ ಬಿಟ್ರೆ ಬೇರೆಯವ್ರಿಗೆ ಹೇಳೋ ಹಾಗಿಲ್ಲ.

ಬೆಳಗ್ಗೆ ಅವನು ಮನಸ್ಸು ಬದಲಾಯ್ಸಿ ಬರಲ್ಲ ಅಂದ್ರೂ ದಾರಿ ಇದೆ. ತನಗೆ ತಾನೇ ಹಾನಿ ಮಾಡ್ಕೊಳ್ಳೋ ಸ್ಥಿತಿಯಲ್ಲಿರೋರಿಗೆ, ಮನೆಯವ್ರು ಪ್ರತಿನಿಧಿಯಾಗಿ ಒಪ್ಪಿದ್ರೆ ಯಾವ ನೋಂದಾಯಿತ ವೈದ್ಯರೇ ಆದ್ರೂ 72 ಗಂಟೆವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಆಮೇಲೂ ಬೇಕು ಅಂದ್ರೆ ಇಬ್ರು ಬೇರೆಬೇರೆಯಾಗಿ ಪರೀಕ್ಷೆ ಮಾಡಿ, ಅದ್ರಲ್ಲಿ ಒಬ್ರು ಮನೋವೈದ್ಯರಾಗಿರ್ಬೇಕು, 30 ದಿನದವರೆಗೆ ಅಡ್ಮಿಟ್ ಮಾಡ್ಕೊಳ್ಳೋಕೆ 89ನೇ ಕಲಂ ಇದೆ. ತೀರಾ ಕೈಮೀರಿದ್ರೆ 112. ಪೊಲೀಸ್ನೋರೂ ಅಂಥವ್ರನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು, ಲಾಕಪ್ಪಲ್ಲಿ ಇಡೋ ಹಾಗಿಲ್ಲ. ಇದೆಲ್ಲ ಕೊನೆ ದಾರಿ, ಪ್ರೀತಿಯಿಂದ ಬಂದ್ರೆ ಅದೇ ಒಳ್ಳೇದು. ಹೆಲ್ತ್ ಇನ್ಶೂರೆನ್ಸ್ ಇದ್ರೆ ಅದರ ಪೇಪರ್ ಇಟ್ಕೊಳ್ಳಿ, ಮಾನಸಿಕ ಕಾಯಿಲೆಗೂ ಬೇರೆ ಕಾಯಿಲೆ ಥರನೇ ವಿಮೆ ಕೊಡ್ಬೇಕು ಅಂತ 21ನೇ ಕಲಂ ಹೇಳುತ್ತೆ.

ಲೋನ್ ಆಪ್ ವಿಷ್ಯ. ಅವನ ಫೋನ್ ನೀವು ಇಟ್ಕೊಳ್ಳಿ, ಬಲವಂತ ಬೇಡ, "ಎರಡು ದಿನ ನಾನು ನೋಡ್ಕೋತೀನಿ, ನೀನು ಎತ್ತೋದು ಬೇಡ" ಅಂತ ಕೇಳಿ ತಗೊಳ್ಳಿ. ಬಂದಿರೋ ಮೆಸೇಜು, ಕಾಲ್ ನಂಬರು, ಎಡಿಟ್ ಮಾಡಿದ ಫೋಟೋ, ದುಡ್ಡು ಹಾಕಿದ ಯುಪಿಐ ವಿವರ ಎಲ್ಲ ಸ್ಕ್ರೀನ್‌ಶಾಟ್ ತೆಗೀರಿ, ಆಪ್ ಡಿಲೀಟ್ ಮಾಡೋಕ್ ಮುಂಚೆನೇ. 1930ಕ್ಕೆ ಫೋನ್ ಮಾಡಿ, ಅದು ಸೈಬರ್ ಕ್ರೈಮ್ ಸಹಾಯವಾಣಿ, ಆಮೇಲೆ ಮಂಡ್ಯದ ಸೈಬರ್ ಠಾಣೆಗೆ ಬರವಣಿಗೆಯಲ್ಲಿ ಕೊಡಿ. ಫೋಟೋ ತಿರುಚಿ ಹೆದರಿಸೋದು ಸುಲಿಗೆ, ಅದು ವಸೂಲಿ ಅಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಸಾಲ ಕೊಡೋ ಆಪ್ ನಿಮ್ಮ ಕಾಂಟ್ಯಾಕ್ಟ್ ಲಿಸ್ಟಿಗೆ ಕೈ ಹಾಕೋ ಹಾಗೇ ಇಲ್ಲ, ಏಜೆಂಟು ಬೆಳಗ್ಗೆ 8ಕ್ಕೆ ಮುಂಚೆ ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ. ನಮ್ಮ ರಾಜ್ಯದಲ್ಲಿ ಕಿರುಸಾಲದ ಬಲವಂತದ ವಸೂಲಿ ವಿರುದ್ಧ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆನೇ ಬಂತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿದಾರೆ. ಅವನ ಸ್ನೇಹಿತ್ರಿಗೆ, ನೆಂಟ್ರಿಗೆ ನೀವೇ ಒಂದು ಮೆಸೇಜ್ ಹಾಕಿ, "ಇವನ ಫೋನ್ ದುರ್ಬಳಕೆ ಆಗಿದೆ, ಯಾವ ಫೋಟೋ ಬಂದ್ರೂ ನಂಬ್ಬೇಡಿ, ಪೊಲೀಸಿಗೆ ಕೊಟ್ಟಿದೀವಿ" ಅಂತ. ಹೆದರಿಸೋರ ಹತ್ರ ಇರೋ ಅಸ್ತ್ರ ಅದೊಂದೇ, ಅದು ಅಲ್ಲಿಗೆ ಮುಗೀತು.

ಒಟ್ಟು ಸಾಲ ಎಷ್ಟು ಅನ್ನೋ ಲೆಕ್ಕ ಇನ್ನೊಂದು ವಾರ ಬಿಟ್ಟು ಕೇಳಿ. ಈಗ ಕೇಳಿದ್ರೆ ಅವನಿಗೆ ಮತ್ತೆ ಅದೇ ಸುಳಿ.


ಮರಳಿ_ಬಂದವ
ರಾತ್ರಿ 12:55

ಅಕ್ಕ ಒಪ್ಪಿದಾನಲ್ಲ, ತುಂಬಾ ಸಂತೋಷ ಆಯ್ತು. ಒಂದು ಸಣ್ಣ ವಿಷ್ಯ ಸೇರಿಸ್ತೀನಿ. ನಾಳೆ ಸಂಜೆ ಅವನ ಜೊತೆ ಕೂತು ಒಂದು ಹಾಳೆ ಬರೀರಿ, ಅವನ ಕೈಲೇ ಬರ್ಸಿ. ನಂಗೆ ಡಾಕ್ಟ್ರು ಬರ್ಸಿದ್ದು, ಬೀರು ಬಾಗಿಲ ಒಳಗಡೆ ಇನ್ನೂ ಅಂಟ್ಸಿದೀನಿ. ಮೇಲ್ಗಡೆ "ಹೀಗಾದ್ರೆ ಹುಷಾರಾಗ್ಬೇಕು" ಅಂತ ಬರೆದು ನಂದು ಮೂರು ಲಕ್ಷಣ: ಸ್ನಾನ ಬಿಡೋದು, ಫೋನ್ ಎತ್ತದೆ ಇರೋದು, ಬೆಳಗಿನ ಜಾವ ಎಚ್ಚರ ಆಗಿ ಎದೆ ಹಿಡ್ಕೊಳ್ಳೋದು. ಅದರ ಕೆಳಗೆ ಆಗ ಒಬ್ಬನೇ ಏನು ಮಾಡಬಹುದು ಅಂತ, ನಂದು ಗೇಟಿನ ಹೊರಗೆ ಹೋಗಿ ಬೀದಿ ಕೊನೆಯ ಅಂಗಡಿತನಕ ನಡೆಯೋದು. ಅದರ ಕೆಳಗೆ ಸುಮ್ನೆ ಮಾತಾಡಕ್ಕೆ ಸಿಗೋರ ಹೆಸ್ರು, ಆಮೇಲೆ ಹೌದು ಸಾಯೋ ಯೋಚ್ನೆ ಬಂತು ಅಂತ ಹೇಳ್ಕೊಳ್ಳೋಕೆ ಆಗೋರ ಹೆಸ್ರು ನಂಬರು, ನಂದು ಅತ್ತಿಗೆ. ಕೊನೇಲಿ ಡಾಕ್ಟ್ರು, 14416, 112. ಕೆಟ್ಟ ಹೊತ್ತಲ್ಲಿ ತಲೆ ಓಡಲ್ಲ, ಕೈಗೆ ಹಾಳೆ ಸಿಕ್ಕಿದ್ರೆ ಓದಬಹುದು.


ನೈಟ್_ಡ್ಯೂಟಿ
ರಾತ್ರಿ 1:15

ಬ್ರೇಕಲ್ಲಿ ನೋಡ್ದೆ, ಒಳ್ಳೇ ಕೆಲ್ಸ ಮಾಡಿದೀರಾ ಅಕ್ಕ. ನಾಳೆಗೆ ಒಂದೆರಡು ಮಾತು. ಓಪಿಡಿಗೆ ಸ್ವಲ್ಪ ಬೇಗನೇ ಹೋಗಿ, ಅವನ ಆಧಾರ್, ರೇಷನ್ ಕಾರ್ಡ್, ಹಳೇ ಆಸ್ಪತ್ರೆ ಚೀಟಿ ಇದ್ರೆ ಅದು ತಗೊಳ್ಳಿ. ಚೀಟಿ ಮಾಡ್ಸೋ ಜಾಗದಲ್ಲಿ ಜನ ಇರ್ತಾರೆ, ಅಲ್ಲಿ ಏನು ಕಾಯಿಲೆ ಅಂತ ಕತೆ ಹೇಳೋದು ಬೇಡ, ಮಾನಸಿಕ ವಿಭಾಗ ಅಂದ್ರೆ ಸಾಕು. ಅವನನ್ನ ಕ್ಯೂನಲ್ಲಿ ನಿಲ್ಲಿಸ್ಬೇಡಿ, ಚಿಕ್ಕಪ್ಪ ನಿಲ್ಲಲಿ, ನೀವಿಬ್ರೂ ಪಕ್ಕದಲ್ಲಿ ಕೂತಿರಿ. ಒಳಗೆ ಸಿಸ್ಟರ್ ಸಿಕ್ಕಿದ ತಕ್ಷಣ ಮೆಲ್ಲಗೆ "ಇವನಿಗೆ ಸಾಯೋ ಯೋಚ್ನೆ ಇದೆ, ಬೇಗ ನೋಡಿ" ಅಂತ ಹೇಳಿ. ನಿದ್ದೆ ಬರ್ತಿಲ್ಲ ಅಂತ ಮಾತ್ರ ಹೇಳಿದ್ರೆ ಕ್ಯೂ ಪ್ರಕಾರನೇ ಆಗುತ್ತೆ, ಇದನ್ನ ಹೇಳಿದ್ರೆ ಮುಂದೆ ತಗೋತಾರೆ. ಡಾಕ್ಟ್ರ ಹತ್ರ ಬೈಕ್, ಬಾಂಡ್, ಫೋನ್ ಎಲ್ಲ ಹೇಳಿ, ಅವನು ಸ್ವಲ್ಪ ಹೊತ್ತು ಒಬ್ಬನೇ ಡಾಕ್ಟ್ರ ಜೊತೆ ಮಾತಾಡಲಿ. ಥೈರಾಯ್ಡ್, ರಕ್ತ ಪರೀಕ್ಷೆ ಬರೆದ್ರೆ ಗಾಬರಿ ಆಗ್ಬೇಡಿ, ದೇಹದ ತೊಂದ್ರೆಯಿಂದಲೂ ಹೀಗಾಗಬಹುದು ಅಂತ ನೋಡ್ತಾರೆ. ಅಡ್ಮಿಟ್ ಮಾಡಿ ಅಂದ್ರೆ ಬೇಡ ಅನ್ಬೇಡಿ. ಮನೆಗೆ ಕಳಿಸಿದ್ರೆ ಮುಂದಿನ ತಾರೀಖು ಬರ್ಸ್ಕೊಂಡೇ ಬನ್ನಿ, ಮೊದಲ ಕೆಲವು ವಾರ ಯಾರಾದ್ರೂ ಜೊತೇಲಿ ಇರ್ಲೇಬೇಕು, ಆಸ್ಪತ್ರೆಯಿಂದ ಬಂದ ಹೊಸದ್ರಲ್ಲೂ ಜೋಪಾನ ಬೇಕು.

ಈಗ ನೀವೂ ಎರಡು ಗಂಟೆ ಮಲಗಿ. ನೀವು ಬೀಳ್ಬಾರ್ದು. ನಿಮಗೆ ಎದೆ ಡವಡವ ಅಂತಿದ್ರೆ ನಿಮಗೋಸ್ಕರನೂ 14416ಕ್ಕೆ ಮಾಡಬಹುದು, ನೋಡ್ಕೊಳ್ಳೋರಿಗೂ ಅದೇ ನಂಬರು. ಡಾಕ್ಟ್ರು ಏನಂದ್ರು ಅಂತ ಇಲ್ಲಿ ಬರೀರಿ, ಡ್ಯೂಟಿ ಮುಗಿದ್ಮೇಲೂ ನೋಡ್ತಿರ್ತೀನಿ.


ಅಕ್ಕ_ಮೈಸೂರು
ಮಧ್ಯಾಹ್ನ 2:10

ಮಿಮ್ಸಲ್ಲೇ ಇದೀವಿ. ಸಿಸ್ಟರಿಗೆ ಹೇಳಿದ ತಕ್ಷಣ ಒಳಗೆ ಕರ್ಕೊಂಡ್ರು. ಡಾಕ್ಟ್ರು ಅವನ ಜೊತೆ ಒಬ್ಬನ ಜೊತೇನೇ ತುಂಬಾ ಹೊತ್ತು ಮಾತಾಡಿದ್ರು, ಕೆಲವು ದಿನ ಅಡ್ಮಿಟ್ ಇರ್ಲಿ ಅಂದ್ರು, ಅವನೇ ಸರಿ ಅಂದ. ಅಮ್ಮ ಬಂದಿದಾರೆ, ತಲೆ ಹತ್ರ ಕೂತಿದಾರೆ. ನಮ್ಮ ಯಜಮಾನ್ರು ಫೋನ್ ಸ್ಕ್ರೀನ್‌ಶಾಟ್ ಎಲ್ಲ ಪ್ರಿಂಟ್ ತೆಗ್ಸೋಕೆ ಹೋಗಿದಾರೆ, ಅಲ್ಲಿಂದ ಸೈಬರ್ ಠಾಣೆಗೆ. ವಕೀಲ್ರೇ, ದೂರು ತಮ್ಮನ ಹೆಸ್ರಲ್ಲೇ ಕೊಡ್ಬೇಕಾ, ನಾವು ಕೊಟ್ರೆ ಆಗುತ್ತಾ?


ಕೋರ್ಟ್_ರೋಡ್
ಮಧ್ಯಾಹ್ನ 2:25

ನೀವೇ ಕೊಡಿ, ಮಾಹಿತಿ ಯಾರು ಬೇಕಾದ್ರೂ ಕೊಡಬಹುದು. ತಮ್ಮ ಆಸ್ಪತ್ರೆಯಲ್ಲಿದಾನೆ, ಡಿಸ್ಚಾರ್ಜ್ ಆದ್ಮೇಲೆ ಹೇಳಿಕೆ ಕೊಡ್ತಾನೆ ಅಂತ ಅದರಲ್ಲೇ ಬರೀರಿ. ಸ್ವೀಕೃತಿ ಇಸ್ಕೊಳ್ಳದೆ ಠಾಣೆಯಿಂದ ಬರ್ಬೇಡಿ.